ನಾನಾವತಿ ಪ್ರಕರಣ: ಒಂಬತ್ತು ಜ್ಯೂರಿಗಳಲ್ಲಿ ಎಂಟು ಜನ ಯಾವ ಸಾಕ್ಷಿಯನ್ನು ನಂಬಿದರು?

ಶರಾವತಿ_ತೀರ

ನಾನಾವತಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನು (24 ನವೆಂಬರ್ 1961) ಕೊನೆಗೂ ಪೂರ್ತಿ ಓದಿದೆ. ಸಿನಿಮಾ, ವೆಬ್ ಸೀರೀಸ್‌ಗಳಲ್ಲಿ ನೋಡಿದ್ದಕ್ಕೂ ಅಲ್ಲಿರುವುದಕ್ಕೂ ತುಂಬ ವ್ಯತ್ಯಾಸ. ಒಂದು ಪ್ರಶ್ನೆ ಮಾತ್ರ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚುಟುಕಾಗಿ. ಕವಾಸ್ ಮಾಣೆಕ್‌ಷಾ ನಾನಾವತಿ ನೌಕಾಪಡೆಯ ಕಮಾಂಡರ್. ಐಎನ್‌ಎಸ್ ಮೈಸೂರು ಹಡಗಿನಲ್ಲಿ ಕ್ಯಾಪ್ಟನ್ ನಂತರದ ಸ್ಥಾನ ಅವರದು (ಹೌದು, ನಮ್ಮ ಮೈಸೂರಿನ ಹೆಸರಿನದೇ ಹಡಗು). 1959ರ ಏಪ್ರಿಲ್ 27ರಂದು ಹೆಂಡತಿ ಸಿಲ್ವಿಯಾ, ಪ್ರೇಮ್ ಆಹುಜಾ ಜೊತೆ ತನಗೆ ಸಂಬಂಧವಿದೆ ಎಂದು ಗಂಡನ ಮುಂದೆ ಒಪ್ಪಿಕೊಂಡರು. ನಾನಾವತಿ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು ಹಡಗಿಗೆ ಹೋದರು. ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರು ಓಡಿಸಿಕೊಂಡು ಹೋಗಬೇಕು ಎಂದು ಹೇಳಿ ಒಂದು ರಿವಾಲ್ವರ್, ಆರು ಗುಂಡು ತೆಗೆದುಕೊಂಡರು. ಅದನ್ನು ಕಂದು ಬಣ್ಣದ ಲಕೋಟೆಯೊಳಗಿಟ್ಟುಕೊಂಡು ಮೊದಲು ಆಹುಜಾನ ಆಫೀಸಿಗೆ, ಅಲ್ಲಿ ಸಿಗದಿದ್ದಾಗ ಅವನ ಫ್ಲಾಟಿಗೆ ಹೋದರು. ನೇರ ಮಲಗುವ ಕೋಣೆಗೆ ನಡೆದು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಗುಂಡಿನ ಸದ್ದು.

ಆರೋಪಿಯ ವಾದ: ಕೊಲ್ಲಲು ಹೋಗಿರಲಿಲ್ಲ. ರಿವಾಲ್ವರ್ ತಂದದ್ದು ತನಗೇ ಹೊಡೆದುಕೊಳ್ಳಲು. ‘ಸಿಲ್ವಿಯಾಳನ್ನು ಮದುವೆಯಾಗಿ ಮಕ್ಕಳನ್ನು ನೋಡಿಕೊಳ್ಳುತ್ತೀಯಾ’ ಎಂದು ಕೇಳಿದ್ದಕ್ಕೆ, ಆಹುಜಾ ‘ಜೊತೆಗೆ ಮಲಗಿದ ಹೆಂಗಸರನ್ನೆಲ್ಲ ಮದುವೆಯಾಗಬೇಕಾ’ ಎಂದ. ಕ್ಯಾಬಿನೆಟ್ ಮೇಲಿಟ್ಟಿದ್ದ ಲಕೋಟೆಗೆ ಕೈ ಹಾಕಿದ, ಜಗ್ಗಾಟವಾಯಿತು, ಗುಂಡು ಆಕಸ್ಮಿಕವಾಗಿ ಹಾರಿತು.

ಈಗ ನನ್ನ ಪ್ರಶ್ನೆ. ಆಹುಜಾ ಆಗ ತಾನೆ ಸ್ನಾನ ಮಾಡಿ ಬಂದಿದ್ದ, ಮೈಮೇಲೆ ಇದ್ದದ್ದು ಒಂದು ಟವೆಲ್. ಹೆಣ ಬಿದ್ದಾಗಲೂ ಟವೆಲ್ ಸೊಂಟದಲ್ಲೇ ಇತ್ತು. ಸಡಿಲವೂ ಆಗಿರಲಿಲ್ಲ. ಇಬ್ಬರು ಗಂಡಸರು ರಿವಾಲ್ವರಿಗಾಗಿ ಜಗ್ಗಾಡಿದರೆ ಸ್ನಾನದ ಟವೆಲ್ ನಿಲ್ಲುತ್ತದಾ? ಆದರೂ ಬಾಂಬೆಯ ಸೆಷನ್ಸ್ ಕೋರ್ಟಿನಲ್ಲಿ ಒಂಬತ್ತು ಜ್ಯೂರಿಗಳ (ತೀರ್ಪು ಹೇಳಲು ಆಗ ಕೂರಿಸುತ್ತಿದ್ದ ಸಾಮಾನ್ಯ ನಾಗರಿಕರು) ಪೈಕಿ ಎಂಟು ಜನ ‘ನಿರ್ದೋಷಿ’ ಎಂದರು. ಇವರು ಸಾಕ್ಷ್ಯವನ್ನು ತೂಗಿದ್ದಾದರೂ ಹೇಗೆ?

ಸುಮ್ನೆ_ಓದುವವ

ತೂಗಿದ್ದು ಎಲ್ಲಿ ಗುರುವೇ? ನಾನಾವತಿ ಪರ ಬರೀತಿದ್ದ ‘ಬ್ಲಿಟ್ಜ್’ ಪತ್ರಿಕೆ ಓದಿದ್ರು, ಅವನ ಬಿಳಿ ಯೂನಿಫಾರಂ ನೋಡಿದ್ರು, ಮನೆಗೆ ಹೋದ್ರು.

ಧಾರವಾಡದ_ಕರಿಕೋಟು

ಇಷ್ಟ ಸರಳ ಇಲ್ರಿ ಇದು. ಜ್ಯೂರಿ ಮ್ಯಾಲ ಎಲ್ಲಾ ತಪ್ಪು ಹೊರಿಸೋಕಿಂತ ಮೊದಲ, ಅವರಿಗೆ ಏನು ಹೇಳಿಕೊಟ್ಟಿದ್ರು ಅನ್ನೋದನ್ನ ನೋಡಬೇಕು. ನಾ ಇಪ್ಪತ್ತು ವರ್ಷದ ಮ್ಯಾಲ ಕ್ರಿಮಿನಲ್ ಪ್ರಾಕ್ಟೀಸ್ ಮಾಡಾಕತ್ತೀನಿ, ಜ್ಯೂರಿ ಮುಂದ ವಾದ ಮಾಡೋ ಭಾಗ್ಯ ಅಂತೂ ಸಿಕ್ಕಿಲ್ಲ. ಆದ್ರ ಈ ತೀರ್ಪು ಎಷ್ಟು ಸಲ ಓದೀನೋ ಲೆಕ್ಕ ಇಟ್ಟಿಲ್ಲ.

ಆಗ ಹೆಂಗಿತ್ತಂದ್ರ, ಸಾಕ್ಷಿ ಎಲ್ಲಾ ಮುಗಿದ ಮ್ಯಾಲ ಸೆಷನ್ಸ್ ಜಡ್ಜ್ ಜ್ಯೂರಿಗೆ ಪ್ರಕರಣದ ಸಾರ ಮತ್ತ ಕಾನೂನು ಎರಡೂ ತಿಳಿಸಿ ಹೇಳಬೇಕಿತ್ತು. ಕಾನೂನಿಗೆ ಜಡ್ಜ್ ಮಾಲೀಕ, ಸಂಗತಿಗೆ ಜ್ಯೂರಿ ಮಾಲೀಕ. ಇಲ್ಲಿ ಎಡವಿದ್ದು ಆ ತಿಳಿಸಿ ಹೇಳೋದ್ರಾಗ. ಹಳೇ ಸಾಕ್ಷ್ಯ ಅಧಿನಿಯಮದ 105ನೇ ಕಲಂ ಏನು ಹೇಳ್ತದ? ‘ಇದು ಆಕಸ್ಮಿಕ’ ಅಂತ ಆರೋಪಿ ಹೇಳಿದ್ರ, ಅದನ್ನ ತೋರಿಸೋ ಹೊಣಿ ಆರೋಪಿದು. ಅಲ್ಲೀತನಕ ಅಂಥ ಸಂದರ್ಭ ಇರಲಿಲ್ಲ ಅಂತ ಕೋರ್ಟ್ ಹಿಡೀಬೇಕು. ಇದನ್ನ ಜ್ಯೂರಿಗೆ ಸರಿಯಾಗಿ ಹೇಳಲೇ ಇಲ್ಲ. ಆಗಿನ ಐಪಿಸಿ (ಭಾರತೀಯ ದಂಡ ಸಂಹಿತೆ) 80ನೇ ಕಲಮಿನ ಪ್ರಕಾರ ಆಕಸ್ಮಿಕ ಅನ್ನಿಸಿಕೊಳ್ಳಬೇಕಾದ್ರ ಕಾನೂನುಬದ್ಧ ಕೆಲಸ ಮಾಡತಿರಬೇಕು, ಕಾನೂನುಬದ್ಧ ರೀತಿಯಿಂದ ಮಾಡತಿರಬೇಕು, ಎಚ್ಚರಿಕೆ ತಗೊಂಡಿರಬೇಕು. ಗುಂಡು ತುಂಬಿದ ರಿವಾಲ್ವರ್ ಹಿಡಕೊಂಡು ಇನ್ನೊಬ್ಬನ ಮಲಗೋ ಕೋಣಿಗೆ ನುಗ್ಗಿದವನಿಗೆ ಇದು ಎಲ್ಲಿಂದ ಬರಬೇಕ್ರಿ? ಅದನ್ನೂ ಬಿಡಿಸಿ ಹೇಳಲಿಲ್ಲ.

ಹಿಂಗಾಗಿ ಆ ಎಂಟು ಮಂದಿ ತಮ್ಮ ಮನಸಿನಾಗ ಕೇಳಿಕೊಂಡ ಪ್ರಶ್ನೆ ಬಹುಶಃ ‘ಜಗ್ಗಾಟ ಆಗೇ ಇಲ್ಲ ಅಂತ ಸರ್ಕಾರ ಸಾಬೀತು ಮಾಡ್ಯದೇನು?’ ಅಂತ. ಕೇಳಬೇಕಾಗಿದ್ದು ‘ಜಗ್ಗಾಟ ಆಗಿತ್ತು ಅನ್ನೋದಕ್ಕ ಆರೋಪಿ ಏನಾದ್ರೂ ತೋರಿಸ್ಯಾನೇನು?’ ಅಂತ. ಮೊದಲನೇ ಪ್ರಶ್ನೆ ಹಿಡಕೊಂಡು ಟವೆಲ್ ನೋಡ್ರಿ. ‘ಟವೆಲ್ ಗಟ್ಟಿ ಕಟ್ಟಿದ್ದಿರಬಹುದು’ ಅಂದ್ರ ಮುಗೀತು, ಸಂಶಯ ಹುಟ್ಟಿತು. ಎರಡನೇ ಪ್ರಶ್ನೆ ಹಿಡಕೊಂಡು ನೋಡ್ರಿ, ಅದೇ ಟವೆಲ್ ಆರೋಪಿ ಕುತ್ತಿಗಿಗೆ ಬರ್ತದ.

ಶರಾವತಿ_ತೀರ

@ಧಾರವಾಡದ_ಕರಿಕೋಟು ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಿದ್ದರೆ ಕೊಲೆ ಪ್ರಕರಣದಲ್ಲಿ ಸಾಬೀತು ಮಾಡುವ ಹೊಣೆ ಯಾವಾಗಲೂ ಸರ್ಕಾರದ್ದು ಅಂತಾರಲ್ಲ?

ಧಾರವಾಡದ_ಕರಿಕೋಟು

ಕೊಲಿ ಆಗ್ಯದ, ಇವನೇ ಮಾಡ್ಯಾನ, ಬೇಕಂತಲೇ ಮಾಡ್ಯಾನ, ಇಷ್ಟು ಸರ್ಕಾರದ್ದೇ ಹೊಣಿ. ಅದು ಎಂದೂ ಜಾರೂದಿಲ್ಲ. ಸುಪ್ರೀಂ ಕೋರ್ಟ್ ಅದನ್ನೂ ಹೇಳ್ಯದ: ಆಕಸ್ಮಿಕ ಅಂತ ತೋರಿಸೋಕ ಆರೋಪಿ ತಂದ ಸಾಕ್ಷ್ಯ ಆ ವಾದ ಗೆಲ್ಲೋಕ ಸಾಲದಿದ್ರೂ, ಅದರಿಂದ ‘ಬೇಕಂತಲೇ ಮಾಡಿದನೋ ಇಲ್ಲೋ’ ಅನ್ನೋದರ ಬಗ್ಗೆ ಸಂಶಯ ಹುಟ್ಟಿದ್ರ ಬಿಡುಗಡೆ ಆಗಬಹುದು. ಸೂಕ್ಷ್ಮ ಅದ ಇದು. ಕಾನೂನು ಕಾಲೇಜಿನ ಹುಡುಗರಿಗೇ ಎರಡು ತರಗತಿ ಬೇಕಾಗ್ತದ. ದಿನಾ ಆಫೀಸು ಅಂಗಡಿ ಅಂತ ಓಡ್ಯಾಡೋ ಒಂಬತ್ತು ಮಂದಿಗೆ ಒಂದು ಭಾಷಣದಾಗ ಹೆಂಗ ತಿಳೀಬೇಕು?

ಜಡ್ಜ್ ರತಿಲಾಲ್ ಮೆಹ್ತಾ ಅವರೇ ಆ ತೀರ್ಪು ಒಪ್ಪಲಿಲ್ಲ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ವಿವೇಕ ಇದ್ದ ಯಾವ ಜ್ಯೂರಿಯೂ ಹಿಂಗ ಹೇಳೂದಿಲ್ಲ ಅಂತ ಹೇಳಿ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 307ನೇ ಕಲಮಿನ ಕೆಳಗ ಹೈಕೋರ್ಟಿಗೆ ಕಳಿಸಿದ್ರು. ಹೈಕೋರ್ಟ್ 1960ರ ಮಾರ್ಚಿನಾಗ ಜೀವಾವಧಿ ಕೊಟ್ಟಿತು, ಸುಪ್ರೀಂ ಕೋರ್ಟ್ ಎತ್ತಿ ಹಿಡೀತು.

ಲಾಜಿಕ್_ಲಿಂಗ

ಕಾನೂನಿನ ಸೂಚನೆ ಸರಿ ಇದ್ದಿದ್ದರೂ ಫಲಿತಾಂಶ ಬದಲಾಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಕಾರಣ ಹೇಳುತ್ತೇನೆ.

ಜ್ಯೂರಿ ಹೇಗೆ ಯೋಚಿಸುತ್ತದೆ ಅನ್ನುವುದರ ಮೇಲೆ ಅಮೆರಿಕದಲ್ಲಿ ನ್ಯಾನ್ಸಿ ಪೆನಿಂಗ್ಟನ್ ಮತ್ತು ರೀಡ್ ಹೇಸ್ಟಿ 1980ರ ದಶಕದಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. ಅವರು ಕಂಡದ್ದು: ಜನ ಒಂದೊಂದು ಸಾಕ್ಷ್ಯಕ್ಕೆ ಒಂದೊಂದು ಅಂಕ ಕೊಟ್ಟು ಕೊನೆಗೆ ಕೂಡಿಸುವುದಿಲ್ಲ. ಮೊದಲ ದಿನದಿಂದಲೇ ತಲೆಯಲ್ಲಿ ಕತೆ ಕಟ್ಟುತ್ತಾ ಹೋಗುತ್ತಾರೆ. ಯಾರು, ಯಾಕೆ, ಏನಾಯಿತು, ಆಮೇಲೇನಾಯಿತು. ಆ ಕತೆಗೆ ಹೊಂದುವ ಸಾಕ್ಷ್ಯ ನೆನಪಿನಲ್ಲಿ ಗಟ್ಟಿಯಾಗುತ್ತದೆ, ಹೊಂದದ್ದು ಮಸುಕಾಗುತ್ತದೆ. ಒಂದು ಪ್ರಯೋಗದಲ್ಲಿ ಒಂದೇ ಕೊಲೆ ವಿಚಾರಣೆಯ ಒಂದೇ ಸಾಕ್ಷ್ಯಗಳನ್ನು ಎರಡು ರೀತಿ ಜೋಡಿಸಿ ಕೇಳಿಸಿದರು. ಸರ್ಕಾರದ ಕಡೆಯದು ಘಟನೆ ನಡೆದ ಕ್ರಮದಲ್ಲಿ, ಆರೋಪಿಯದು ಚದುರಿದ ಹಾಗೆ ಬಂದಾಗ ‘ತಪ್ಪಿತಸ್ಥ’ ಎಂದವರು ಶೇ 78. ಅದನ್ನೇ ತಿರುಗಿಸಿದಾಗ ಶೇ 31. ಸಾಕ್ಷ್ಯ ಒಂದಕ್ಷರವೂ ಬದಲಾಗಿರಲಿಲ್ಲ.

ಈಗ ನಾನಾವತಿಗೆ ಬನ್ನಿ. ಸರ್ಕಾರದ ಬಳಿ ಇದ್ದದ್ದು ತುಂಡುಗಳು: ಹಡಗಿನಿಂದ ಸುಳ್ಳು ಹೇಳಿ ತಂದ ರಿವಾಲ್ವರ್, ಲಕೋಟೆ, ಕಾವಲುಗಾರ ಪೂರಣ್‌ಸಿಂಗ್, ಆಹುಜಾನ ಸೋದರಿ ಮೇಮಿ, ಗಾಯಗಳ ವಿವರ, ಟವೆಲ್. ಆರೋಪಿಯ ಬಳಿ ಇದ್ದದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಎಳೆ. ಸಮುದ್ರದಲ್ಲಿ ದೇಶ ಕಾಯುವವ, ಮನೆಯಲ್ಲಿ ದ್ರೋಹ, ಸಾಯುವ ಯೋಚನೆ, ‘ಮಕ್ಕಳನ್ನು ನೋಡಿಕೊಳ್ಳುತ್ತೀಯಾ’ ಎಂದು ಕೇಳುವ ತಂದೆ, ಅವಮಾನದ ಉತ್ತರ. ಮೇಲಿಂದ ಸಿಲ್ವಿಯಾ ಗಂಡನ ಪರವಾಗಿಯೇ ಕಟಕಟೆಗೆ ಬಂದರು.

ಕುಡ್ಲದ_ಬಂಗುಡೆ

ಅಲ್ಲ ಮಾರಾಯ್ರೆ, ಸರ್ಕಾರದ ಕತೆ ಅದಕ್ಕಿಂತ ಸಲೀಸು ಉಂಟಲ್ಲ? ಗೊತ್ತಾಯಿತು, ರಿವಾಲ್ವರ್ ತಂದ, ಹುಡುಕಿಕೊಂಡು ಹೋದ, ಕೊಂದ. ನಾಲ್ಕೇ ಮಾತು. ಸುಪ್ರೀಂ ಕೋರ್ಟು ಅದನ್ನೇ ತಾನೆ ಹೇಳಿದ್ದು? ಮನೆ ಬಿಟ್ಟದ್ದು ಒಂದೂವರೆಗೆ, ಗುಂಡು ಹಾರಿದ್ದು 4.20ಕ್ಕೆ. ಸಿಟ್ಟು ಇಳಿಯಲಿಕ್ಕೆ ಬೇಕಾದಷ್ಟು ಹೊತ್ತು ಇತ್ತು, ನಡುವೆ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟದ್ದೂ ಆಯಿತು, ಹಾಗಾಗಿ ಹಠಾತ್ ಪ್ರಚೋದನೆ ಅಂತ ಹೇಳಲಿಕ್ಕೆ ಆಗುವುದಿಲ್ಲ ಅಂತ.

ನನಗೆ ಕಾಣುವುದು ಬೇರೆ. ಆ ಎಂಟು ಜನಕ್ಕೆ ಏನಾಗಿದೆ ಅಂತ ಚೆನ್ನಾಗಿ ಗೊತ್ತಿತ್ತು. ‘ಹೌದು ಕೊಂದಿದ್ದಾನೆ, ಆದರೆ ಇವನನ್ನು ಜೈಲಿಗೆ ಹಾಕುವುದು ನಮಗೆ ಬೇಡ’ ಅಂತ ತೀರ್ಮಾನ ಮಾಡಿದರು. ಸಾಕ್ಷಿ ತೂಗಿ ಅಲ್ಲ, ಮನುಷ್ಯನನ್ನು ತೂಗಿ. ಜ್ಯೂರಿ ಇರುವುದೇ ಅದಕ್ಕೆ ಅಂತ ನಾನು ಹೇಳ್ತೇನೆ.

ಲಾಜಿಕ್_ಲಿಂಗ

ಇರಬಹುದು. ಆದರೆ ಜ್ಯೂರಿ ಕಾರಣ ಬರೆಯುವುದಿಲ್ಲ, ಹಾಗಾಗಿ ನೀವು ಹೇಳಿದ್ದನ್ನೂ ನಾನು ಹೇಳಿದ್ದನ್ನೂ ಪರೀಕ್ಷಿಸುವ ದಾರಿಯೇ ಇಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಕುಡ್ಲದ_ಬಂಗುಡೆ

ಪರೀಕ್ಷೆ ಮಾಡಿದ್ದಾರೆ. ಶಿಕಾಗೋದ ಕಾಲ್ವೆನ್ ಮತ್ತು ಝೈಸಲ್ 1966ರಲ್ಲಿ ಪ್ರಕಟಿಸಿದ ಅಧ್ಯಯನ, ಮೂರೂವರೆ ಸಾವಿರಕ್ಕೂ ಹೆಚ್ಚು ಕ್ರಿಮಿನಲ್ ವಿಚಾರಣೆ. ‘ಜ್ಯೂರಿ ಇಲ್ಲದಿದ್ದರೆ ನೀವು ಏನು ತೀರ್ಪು ಕೊಡುತ್ತಿದ್ದಿರಿ’ ಅಂತ ಜಡ್ಜುಗಳನ್ನೇ ಕೇಳಿದರು. ಶೇ 78ರಷ್ಟು ಪ್ರಕರಣಗಳಲ್ಲಿ ಇಬ್ಬರದ್ದೂ ಒಂದೇ ಉತ್ತರ. ವ್ಯತ್ಯಾಸ ಇದ್ದಲ್ಲಿ ಹೆಚ್ಚಿನದು ಜಡ್ಜು ಶಿಕ್ಷೆ ಅನ್ನುವಲ್ಲಿ ಜ್ಯೂರಿ ಬಿಡುಗಡೆ ಅಂದದ್ದು. ಹಾಗಾದರೆ ಸಾಮಾನ್ಯ ಜನರಿಗೆ ಸಾಕ್ಷಿ ತೂಗಲಿಕ್ಕೆ ಬರುವುದಿಲ್ಲ ಅಂತ ಹೇಳುವುದು ಹೇಗೆ?

ಸುಮ್ನೆ_ಓದುವವ

ಈ ಥ್ರೆಡ್ಡಲ್ಲಿ ಎರಡನೇ 78. ಮೂರನೇದು ಯಾರ ಹತ್ರ ಇದೆ, ತನ್ನಿ.

ಎಡಿಸನ್_ಅಕ್ಕ

ನಮಸ್ಕಾರ. ಇಷ್ಟು ದಿನ ಓದಿಕೊಂಡಿದ್ದೆ, ಇದಕ್ಕೆ ಮಾತ್ರ ಬರೆಯಲೇಬೇಕು ಅನ್ನಿಸ್ತು. ಸಿಟಿಜನ್‌ಶಿಪ್ ಆದ ಮೇಲೆ ನ್ಯೂಜೆರ್ಸಿಯಲ್ಲಿ ನನಗೆ ಜ್ಯೂರಿ ಡ್ಯೂಟಿ ಬಂತು, ಅದೂ ಕೊಲೆ ಪ್ರಕರಣ. ಊರು, ಹೆಸರು, ವರ್ಷ ಏನೂ ಬರೆಯೋಲ್ಲ, ಕೇಳಬೇಡಿ.

ಒಂದು ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಗುಂಡು ಹಾರಿದ್ದು. ರಸ್ತೆಯ ಆಚೆಯಿಂದ ನೋಡಿದವರು ಒಬ್ಬರೇ. ಕೋರ್ಟಲ್ಲಿ ಆ ಸಾಕ್ಷಿ ಬಹಳ ಖಚಿತವಾಗಿ ಮಾತಾಡಿದರು, ‘ಆ ಮುಖ ನಾನು ಸಾಯೋವರೆಗೂ ಮರೆಯೋಲ್ಲ’ ಅನ್ನೋ ಥರ. ಇನ್ನೊಬ್ಬ ಸಾಕ್ಷಿ ಆರೋಪಿಯ ಸ್ನೇಹಿತ, ಕೂತಲ್ಲಿ ಕೂರ್ತಿರಲಿಲ್ಲ, ನೀರಿನ ಲೋಟ ಎತ್ತೋದು ಇಡೋದು. ಮೊದಲ ದಿನವೇ ನನ್ನ ಮನಸ್ಸು ಮೊದಲನೆಯವರ ಕಡೆ ವಾಲಿತ್ತು, ನಿಜ ಹೇಳ್ತೀನಿ.

ಕೊನೆಯಲ್ಲಿ ಜಡ್ಜ್ ಓದಿದ ಸೂಚನೆ ಪುಟಗಟ್ಟಲೆ ಇತ್ತು, ಪ್ರತಿಯನ್ನೂ ಒಳಗೆ ಕೊಟ್ಟರು. ಸಾಕ್ಷಿಯ ಹೇಳಿಕೆ ಪೂರ್ತಿ ನಂಬಬಹುದು, ಸ್ವಲ್ಪ ನಂಬಬಹುದು, ಏನೂ ನಂಬದೇ ಇರಬಹುದು. ಅವರಿಗೆ ಇದರಲ್ಲಿ ಲಾಭ ಇದೆಯಾ, ಅವರು ನಿಂತ ಜಾಗದಿಂದ ಕಾಣ್ತಿತ್ತಾ, ಹಿಂದೆ ಹೇಳಿದ್ದಕ್ಕೂ ಈಗ ಹೇಳೋದಕ್ಕೂ ತಾಳೆ ಇದೆಯಾ. ಕಣ್ಣಾರೆ ಕಂಡವರ ಗುರುತಿಸುವಿಕೆ ಬಗ್ಗೆಯಂತೂ ಪ್ರತ್ಯೇಕ ಭಾಗವೇ ಇತ್ತು. ಬೆಳಕು, ದೂರ, ಎಷ್ಟು ಹೊತ್ತು ನೋಡಿದ್ದು, ಕೈಯಲ್ಲಿ ಆಯುಧ ಇದ್ದರೆ ಕಣ್ಣು ಮುಖ ಬಿಟ್ಟು ಅದರ ಮೇಲೇ ಹೋಗುತ್ತೆ ಅನ್ನೋದು, ಬೇರೆ ಜನಾಂಗದವರ ಮುಖ ಗುರುತಿಸೋದರಲ್ಲಿ ಆಗೋ ತಪ್ಪು. ನೆನಪು ವಿಡಿಯೊ ಥರ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದರು. 2011ರಲ್ಲಿ ಹೆಂಡರ್ಸನ್ ಅನ್ನೋ ಪ್ರಕರಣದಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಸೂಚನೆಗಳು ಬಂದವಂತೆ, ಅದು ನನಗೆ ಆಮೇಲೆ ಗೊತ್ತಾಯ್ತು.

ಚರ್ಚೆ ಕೋಣೆಯಲ್ಲಿ ನಡೆದದ್ದು ಕೇಳಿ. ‘ಗುಂಡು ಹೊಡೆದವನು ತಿರುಗಿದಾಗ ಮುಖ ನೋಡಿದೆ’ ಅಂತ ಸಾಕ್ಷಿ ಹೇಳಿದ್ದು ನನಗೆ ಸ್ಪಷ್ಟ ನೆನಪು. ಪಕ್ಕದಲ್ಲಿದ್ದ ರಿಟೈರ್ಡ್ ಮೆಕ್ಯಾನಿಕ್ ಒಬ್ಬರಿಗೆ ‘ಅರ್ಧ ತಿರುಗಿದ’ ಅಂತ ನೆನಪು. ಇನ್ನೊಬ್ಬ ಹುಡುಗಿಯ ನೋಟ್‌ಬುಕ್ಕಲ್ಲಿ ‘ಓಡುವಾಗ’ ಅಂತ ಇತ್ತು. ಜಡ್ಜ್‌ಗೆ ಚೀಟಿ ಕಳಿಸಿದೆವು, ಆ ಭಾಗ ಮತ್ತೆ ಕೇಳಬೇಕು ಅಂತ. ಕೋರ್ಟಲ್ಲಿ ಎಲ್ಲರನ್ನೂ ಕೂರಿಸಿ ಮತ್ತೆ ಓದಿಸಿದರು. ‘ಅವನು ಈ ಕಡೆ ತಿರುಗಿದ ಹಾಗಿತ್ತು, ಆಗ ನೋಡಿದೆ.’ ಅಷ್ಟೇ. ‘ತಿರುಗಿದ ಹಾಗಿತ್ತು.’ ಆ ಖಚಿತತೆ ಎಲ್ಲಾ ದನಿಯಲ್ಲಿತ್ತು, ಮಾತಲ್ಲಿರಲಿಲ್ಲ. ಹನ್ನೆರಡು ಜನರೂ ಒಂದು ನಿಮಿಷ ಸುಮ್ಮನೆ ಕೂತೆವು.

ಆಮೇಲೆ ಆ ಚಡಪಡಿಸ್ತಿದ್ದ ಹುಡುಗನ ಹೇಳಿಕೆ ತೆಗೆದೆವು. ಅವನು ಹೇಳಿದ ಸಮಯ ಅಂಗಡಿಯ ಕ್ಯಾಮೆರಾಗೆ ತಾಳೆ ಆಗ್ತಿತ್ತು. ಕೊನೆಗೆ ಒಂದು ಆರೋಪಕ್ಕೆ ಹೌದು, ದೊಡ್ಡದಕ್ಕೆ ಇಲ್ಲ ಅಂದೆವು. ಎಲ್ಲರೂ ಒಮ್ಮತಕ್ಕೆ ಬರಬೇಕು ಇಲ್ಲಿ, ಎಂಟು-ಒಂದು ಅನ್ನೋ ಮಾತೇ ಇಲ್ಲ. ಆ ಒಬ್ಬರನ್ನ ಒಪ್ಪಿಸೋದರಲ್ಲೇ ಅರ್ಧ ಕೆಲಸ.

@ಕುಡ್ಲದ_ಬಂಗುಡೆ, ‘ಮನುಷ್ಯನನ್ನು ತೂಗೋದು’ ನಮ್ಮ ಕೋಣೆಯಲ್ಲೂ ಶುರುವಾಗಿತ್ತು. ಅದನ್ನ ನಿಲ್ಲಿಸಿದ್ದು ಆ ಕಾಗದದ ಸೂಚನೆಗಳೇ. ಯಾರಾದರೂ ‘ನೋಡಿದ್ರೇ ಗೊತ್ತಾಗುತ್ತೆ’ ಅಂದಾಗಲೆಲ್ಲ ಮೆಕ್ಯಾನಿಕ್ ಅಂಕಲ್ ಬೆರಳಿಟ್ಟು ಆ ಸಾಲು ತೋರಿಸೋರು.

ಲಾಜಿಕ್_ಲಿಂಗ

@ಎಡಿಸನ್_ಅಕ್ಕ ನೀವು ಬರೆದದ್ದಕ್ಕೆ ದೊಡ್ಡ ನಮಸ್ಕಾರ. ಚಡಪಡಿಕೆ ನೋಡಿ ಸುಳ್ಳು ಕಂಡುಹಿಡಿಯುವ ವಿಷಯದಲ್ಲಿ ಬಾಂಡ್ ಮತ್ತು ಡಿಪಾಲೊ 2006ರಲ್ಲಿ ಇನ್ನೂರಕ್ಕೂ ಹೆಚ್ಚು ಸಂಶೋಧನಾ ವರದಿಗಳನ್ನು ಒಟ್ಟುಗೂಡಿಸಿ ನೋಡಿದರು. ಸುಳ್ಳು ಯಾವುದು ಸತ್ಯ ಯಾವುದು ಎಂದು ಜನ ಸರಿಯಾಗಿ ಹೇಳಿದ್ದು ಶೇ 54ರಷ್ಟು. ಕಣ್ಣುಮುಚ್ಚಿ ಹೇಳಿದರೂ 50 ಸಿಗುತ್ತದೆ. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾಗಿ ಹೊರಬಂದವರ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಭಾಗದಲ್ಲಿ ಕಣ್ಣಾರೆ ಕಂಡವರ ತಪ್ಪು ಗುರುತಿಸುವಿಕೆ ಇತ್ತು. ಅವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿರಲಿಲ್ಲ, ಪ್ರಾಮಾಣಿಕವಾಗಿಯೇ ತಪ್ಪು ಹೇಳುತ್ತಿದ್ದರು. ಪಾಟೀ ಸವಾಲಿಗೆ ಬಗ್ಗದ ಸಾಕ್ಷಿ ಅಂದರೆ ಇದೇ.

ಕೋರ್ಟ್‌ಹಾಲ್_ನಂ_3

ನಾನು ಮೈಸೂರು ಕಡೆ ಜಿಲ್ಲಾ ನ್ಯಾಯಾಲಯದಲ್ಲಿ ಬೆಂಚ್ ಕ್ಲರ್ಕ್, ಆಮೇಲೆ ಶಿರಸ್ತೇದಾರ್ ಆಗಿ ನಿವೃತ್ತ. ಕಟಕಟೆಯಿಂದ ಎರಡು ಮಾರು ದೂರದಲ್ಲಿ ಕೂತು ಸರ್ವೀಸು ಪೂರ್ತಿ ಸಾಕ್ಷಿಗಳನ್ನ ನೋಡಿದವನು, ಅದಕ್ಕೇ ಎರಡು ಮಾತು.

ಹಳ್ಳಿ ಸಾಕ್ಷಿ ಕಟಕಟೆಗೆ ಬಂದರೆ ಮೊದಲು ಮಾಡೋ ಕೆಲಸ ಚಪ್ಪಲಿ ಕೆಳಗೆ ಬಿಟ್ಟು ಹತ್ತೋದು. ಕೈ ಮುಗಿದೇ ಇರ್ತಾರೆ, ತಲೆ ಎತ್ತೋದಿಲ್ಲ. ಪಟ್ಟಣದಲ್ಲಿ ಓದಿದ ಹೊಸ ವಕೀಲ ಇದನ್ನ ನೋಡಿ ‘ಸಾಕ್ಷಿ ಕಣ್ಣು ತಪ್ಪಿಸುತ್ತಿದ್ದಾನೆ, ಸ್ವಾಮಿ’ ಅನ್ನೋರು. ಕಣ್ಣು ತಪ್ಪಿಸೋದಲ್ಲ ಸ್ವಾಮಿ ಅದು, ಜಡ್ಜ್ ಮುಂದೆ ತಲೆ ಎತ್ತಿ ನೋಡೋದು ಅಧಿಕಪ್ರಸಂಗ ಅಂತ ಅವರ ಲೆಕ್ಕ.

ಸಮಯದ್ದು ಇನ್ನೊಂದು ಗೋಳು. ‘ಎಷ್ಟು ಗಂಟೆ?’ ‘ದನ ಹಟ್ಟಿಗೆ ಕಟ್ಟೋ ಹೊತ್ತು.’ ‘ಅಂದರೆ ಆರೋ ಏಳೋ?’ ‘ಆಗ್ಬೋದು.’ ‘ಆರಾ, ಏಳಾ?’ ‘ತಾವು ಹೇಳ್ದಂಗೆ ಬುದ್ಧಿ.’ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಲ್ಲಿ ಮಾತ್ರ 6 ಗಂಟೆ 45 ನಿಮಿಷ ಅಂತ ಇರುತ್ತೆ, ಬರೆದವರ ಗಡಿಯಾರದ ಪ್ರಕಾರ. ಅಲ್ಲಿಗೆ ವ್ಯತ್ಯಾಸ ಹುಟ್ಟಿತು, ಅದನ್ನ ಹಿಡಿದು ಅರ್ಧ ಗಂಟೆ ಪಾಟೀ ಸವಾಲು. ತದ್ವಿರುದ್ಧವಾಗಿ, ಮಹಜರಿಗೆ ಕಾಯಂ ಪಂಚರು ಅಂತ ಕೆಲವರಿರ್ತಾರೆ, ಗಿಳಿಪಾಠ ಒಪ್ಪಿಸಿದ ಹಾಗೆ ಒಂದಕ್ಷರ ತಪ್ಪದೆ ಹೇಳ್ತಾರೆ. ಯಾವ ಸಾಕ್ಷಿಯ ಮಾತು ತೀರಾ ನುಣುಪಾಗಿದೆಯೋ ಅವನ ಮೇಲೇ ನನಗೆ ಅನುಮಾನ ಜಾಸ್ತಿ.

ಧಾರವಾಡದ_ಕರಿಕೋಟು

@ಕೋರ್ಟ್‌ಹಾಲ್_ನಂ_3 ಶಿರಸ್ತೇದಾರ್ ಸಾಹೇಬ್ರ ಮಾತು ನೂರಕ್ಕ ನೂರು ಖರೆ. ಇದಕ್ಕ ನಮ್ಮ ಕಾನೂನಿನಾಗ ಒಂದು ಚಲೋ ಪರಂಪರೆ ಬೆಳದದ. ಭರ್ವಾಡಾ ಭೋಗಿನ್‌ಭಾಯಿ ಪ್ರಕರಣದಾಗ (1983) ಸುಪ್ರೀಂ ಕೋರ್ಟ್, ಸಾಕ್ಷಿಗೆ ಫೋಟೋ ತಗದಂಗ ನೆನಪು ಇರಬೇಕು ಅಂತ ಬಯಸಬ್ಯಾಡ್ರಿ, ಹೊತ್ತಿನ ಅಂದಾಜು ಒಬ್ಬೊಬ್ಬರದು ಒಂದೊಂದು ಇರ್ತದ, ಸಣ್ಣ ಪುಟ್ಟ ವ್ಯತ್ಯಾಸ ಹಿಡಕೊಂಡು ಇಡೀ ಸಾಕ್ಷ್ಯ ಬಿಸಾಡಬ್ಯಾಡ್ರಿ ಅಂತ ಹೇಳ್ತು. ಸತ್ತವನ ಸಂಬಂಧಿಕ ಅಂದ ಮಾತ್ರಕ್ಕ ಸುಳ್ಳ ಹೇಳ್ತಾನ ಅಂತ ತಿಳೀಬಾರದು, ತನ್ನವರನ್ನ ಕೊಂದವನನ್ನ ಬಿಟ್ಟು ಬ್ಯಾರೆಯವನ ಹೆಸರು ಯಾಕ ಹೇಳ್ಯಾನು ಅಂತ ದಲೀಪ್ ಸಿಂಗ್ ಪ್ರಕರಣ 1953ರಾಗೇ ಕೇಳ್ಯದ. ಎಷ್ಟು ಮಂದಿ ಸಾಕ್ಷಿ ಅನ್ನೋದು ಮುಖ್ಯ ಅಲ್ಲ. ವಡಿವೇಲು ತೇವರ್ ಪ್ರಕರಣದಾಗ (1957) ಸಾಕ್ಷಿಗಳನ್ನ ಮೂರು ನಮೂನಿ ಮಾಡ್ಯಾರ: ಪೂರ್ತಿ ನಂಬಬಹುದಾದವ, ಪೂರ್ತಿ ನಂಬಬಾರದವ, ನಡುವಿನವ. ಮೊದಲನೆಯವ ಒಬ್ಬನೇ ಇದ್ರೂ ಕೊಲಿ ಸಾಬೀತಾಗ್ತದ. ಕಷ್ಟ ಎಲ್ಲಾ ಮೂರನೆಯವನ ಜೋಡಿ. ಅವನ ಮಾತಿಗೆ ಬ್ಯಾರೆ ಆಧಾರ ಹುಡುಕಬೇಕು.

ಅಕ್ಕಾರ ಒಂದು ಮಾತು ಕೇಳಬೇಕಿತ್ತು. ನಿಮ್ಮಲ್ಲಿ ‘ಒಂದರಾಗ ಸುಳ್ಳಾದ್ರ ಎಲ್ಲಾದ್ರಾಗೂ ಸುಳ್ಳು ಅಂತ ತಿಳೀಬಹುದು’ ಅನ್ನೋ ಸೂಚನೆ ಕೊಡ್ತಾರಲ್ಲ? ನಮ್ಮ ಸುಪ್ರೀಂ ಕೋರ್ಟ್ ಇದನ್ನ ಸುತಾರಾಂ ಒಪ್ಪೂದಿಲ್ಲ. ನಮ್ಮಲ್ಲಿ ಸಾಕ್ಷಿ ಖರೆ ಘಟನಾಕ್ಕ ನಾಕು ಸುಳ್ಳು ಸೇರಿಸೇ ಸೇರಿಸ್ತಾನ. ಹೊಡದವ ಒಬ್ಬ ಇದ್ರ ಅವನ ಅಣ್ಣತಮ್ಮಂದಿರ ಹೆಸರೂ ಬರಸ್ತಾನ. ಅದಕ್ಕ ‘ಜೊಳ್ಳು ತೂರಿ ಕಾಳು ಇಟ್ಕೋರಿ’ ಅಂತಾರ. ಆ ನಿಯಮ ಇಲ್ಲಿ ಹಿಡಿದ್ರ ಕರ್ನಾಟಕದಾಗ ಒಂದು ಕೊಲಿ ಕೇಸೂ ನಿಲ್ಲೂದಿಲ್ಲ.

ಎಡಿಸನ್_ಅಕ್ಕ

ಹೌದು ಸರ್, ಆ ಸೂಚನೆ ಇಲ್ಲಿ ಇದೆ. ಆದರೆ ‘ತಿಳಿಯಲೇಬೇಕು’ ಅಂತ ಅಲ್ಲ, ಬೇಕಾದರೆ ಹಾಗೆ ತಿಳಿಯಬಹುದು ಅಂತ, ಅದೂ ಮುಖ್ಯ ವಿಷಯದಲ್ಲಿ ಬೇಕಂತಲೇ ಸುಳ್ಳು ಹೇಳಿದ್ದರೆ. ನಮ್ಮ ಪ್ರಕರಣದಲ್ಲಿ ಅದು ಬರಲಿಲ್ಲ.

ಸುಮ್ನೆ_ಓದುವವ

ಇಷ್ಟೆಲ್ಲಾ ತಲೆನೋವು ಯಾಕೆ, ನಾರ್ಕೋ ಟೆಸ್ಟ್ (ಮದ್ದು ಕೊಟ್ಟು ಬಾಯಿ ಬಿಡ್ಸೋದು) ಮಾಡಿಸಿದ್ರೆ ಆಯ್ತಲ್ಲ?

ಧಾರವಾಡದ_ಕರಿಕೋಟು

ಸೆಲ್ವಿ ವರ್ಸಸ್ ಕರ್ನಾಟಕ ಸರ್ಕಾರ, 2010. ಒಪ್ಪಿಗಿ ಇಲ್ಲದ ಮಾಡಿಸಂಗಿಲ್ಲ. ಒಪ್ಪಿ ಮಾಡಿಸಿಕೊಂಡ್ರೂ ಅದರಾಗ ಹೇಳಿದ ಮಾತು ತಾನೇ ಸಾಕ್ಷ್ಯ ಆಗೂದಿಲ್ಲ. ಮುಂದ.

ಕುಡ್ಲದ_ಬಂಗುಡೆ

ಕರಿಕೋಟು ಸರ್, ನೀವು ಹೇಳಿದ್ದು ಚಂದ ಉಂಟು. ಆದರೆ ನೋಡಿ, ಭೋಗಿನ್‌ಭಾಯಿ, ದಲೀಪ್ ಸಿಂಗ್, ತೇವರ್, ಇದೆಲ್ಲ ಸುಪ್ರೀಂ ಕೋರ್ಟಿಗೆ ಯಾಕೆ ಹೇಳಬೇಕಾಗಿ ಬಂತು? ದನ ಕಟ್ಟುವ ಹೊತ್ತು ಅಂದರೆ ಎಷ್ಟು ಗಂಟೆ ಅಂತ ಆ ಊರಿನ ಯಾವ ರೈತನಿಗಾದರೂ ಗೊತ್ತು. ಆ ಊರಿನವರೇ ನಾಲ್ಕು ಜನ ಜ್ಯೂರಿಯಲ್ಲಿ ಕೂತಿದ್ದರೆ ಆ ತೀರ್ಪುಗಳು ಬೇಕಿತ್ತಾ? ನಾನಾವತಿ ಒಂದನ್ನು ಹಿಡಿದುಕೊಂಡು ಜ್ಯೂರಿ ತೆಗೆದದ್ದು ಸರಿ ಅಂತ ಎಲ್ಲರೂ ಹೇಳ್ತಾರೆ, ನನಗೆ ಅದೇ ಬೇಸರ.

ಧಾರವಾಡದ_ಕರಿಕೋಟು

ಒಂದು ತಿದ್ದುಪಡಿ. ನಾನಾವತಿ ಕೇಸಿನಿಂದ ಜ್ಯೂರಿ ಹೋಯ್ತು, ಅದೇ ಕಡೇ ಜ್ಯೂರಿ ಕೇಸು ಅನ್ನೋದು ವಾಟ್ಸ್ಯಾಪ್ ಇತಿಹಾಸ. ಕಾನೂನು ಆಯೋಗ ತನ್ನ 14ನೇ ವರದಿಯಾಗ ಜ್ಯೂರಿ ತಗೀರಿ ಅಂತ 1958ರಾಗೇ ಹೇಳಿತ್ತು, ಅಂದ್ರ ಆಹುಜಾಗ ಗುಂಡು ಬೀಳೋಕಿಂತ ಮೊದಲ. ನಾನಾವತಿ ಆದ ಮ್ಯಾಲೂ ಕೆಲವು ಕಡೆ ಜ್ಯೂರಿ ವಿಚಾರಣಿ ನಡದಾವ. ಪೂರ್ತಿ ಹೋಗಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದ. ಪಾರ್ಸಿ ಮಂದಿ ವಿವಾಹ ನ್ಯಾಯಾಲಯದಾಗ ಡೆಲಿಗೇಟ್ ಅಂತ ಹೇಳಿ ಆ ಪದ್ಧತಿಯ ಒಂದು ರೂಪ ಉಳದದ.

ಇನ್ನ ಊರಿನ ನಾಕು ಮಂದಿ ವಿಷಯ. ದನ ಕಟ್ಟೋ ಹೊತ್ತು ಅವರಿಗೆ ಗೊತ್ತದ, ಒಪ್ಪಿದೆ. ಸತ್ತವ ಯಾವ ಕೇರಿಯವ, ಆರೋಪಿ ಯಾರ ಮನಿಯವ ಅನ್ನೋದೂ ಗೊತ್ತದಲ್ರಿ? ಆ ಲೆಕ್ಕ ಚರ್ಚಾ ಕೋಣಿ ಹೊರಗ ಬಿಟ್ಟು ಬರ್ತಾರೇನು? ಅಕ್ಕಾರ ಕೋಣ್ಯಾಗ ಬೆರಳಿಟ್ಟು ತೋರಸೋ ಮೆಕ್ಯಾನಿಕ್ ಇದ್ದ. ನಮ್ಮೂರ ಕೋಣ್ಯಾಗ ಗೌಡ್ರು ಇರ್ತಾರ.

ಕುಡ್ಲದ_ಬಂಗುಡೆ

ಅದು ಒಪ್ಪಲೇಬೇಕಾದ ಮಾತು. ಅಲ್ಲಿ ನನ್ನ ಹತ್ತಿರ ಉತ್ತರ ಇಲ್ಲ.

ಶರಾವತಿ_ತೀರ

ಹಾಗಾದರೆ ಒಟ್ಟಿನಲ್ಲಿ ನಮ್ಮದೇ ಪದ್ಧತಿ ಮೇಲು ಅಂತಾಯಿತಲ್ಲ? ಜಡ್ಜ್ ಕಾರಣ ಕೊಟ್ಟು ಬರೆಯುತ್ತಾರೆ, ತಪ್ಪಿದ್ದರೆ ಮೇಲಿನ ಕೋರ್ಟು ತಿದ್ದುತ್ತದೆ.

ಧಾರವಾಡದ_ಕರಿಕೋಟು

ಅಷ್ಟ ಬ್ಯಾಗ ತೀರ್ಮಾನಕ್ಕ ಬರಬ್ಯಾಡ್ರಿ. ನಮ್ಮ ಪದ್ಧತಿಯೊಳಗಿನ ದೊಡ್ಡ ತೂತು ಹೇಳ್ತೀನಿ, ಇದನ್ನ ಯಾವ ಸಿನಿಮಾದಾಗೂ ತೋರಸೂದಿಲ್ಲ.

ಅಕ್ಕಾರ ವಿಚಾರಣಿ ಒಂದೇ ಸವನ ದಿನಾ ನಡೀತು. ಅದೇ ಹನ್ನೆರಡು ಮಂದಿ ಎಲ್ಲಾ ಸಾಕ್ಷಿಗಳನ್ನ ಕಣ್ಣಿಂದ ಕಂಡ್ರು, ಅವರೇ ತೀರ್ಪು ಕೊಟ್ರು. ನಮ್ಮಲ್ಲಿ? ಮೊದಲನೇ ಸಾಕ್ಷಿ ಈ ವರ್ಷ, ಐದನೇ ಸಾಕ್ಷಿ ಬರೋ ವರ್ಷ, ತನಿಖಾಧಿಕಾರಿ ಅದರ ಮುಂದಿನ ವರ್ಷ. ನಡುವ ಜಡ್ಜ್ ಸಾಹೇಬ್ರ ವರ್ಗಾವಣಿ ಆಗ್ತದ. ಹಳೇ (1973ರ) ಸಂಹಿತೆಯ 326ನೇ ಕಲಮಿನ ಪ್ರಕಾರ ಮೊದಲಿನವರು ಬರಕೊಂಡ ಸಾಕ್ಷ್ಯದ ಮ್ಯಾಲ ನಂತರ ಬಂದವರು ತೀರ್ಪು ಕೊಡಬಹುದು. ಕೊಡ್ತಾರ. ನಾ ನಡೆಸಿದ ಒಂದು ಕೊಲಿ ಕೇಸಿನಾಗ ಕಣ್ಣಾರೆ ಕಂಡ ಸಾಕ್ಷಿಯ ಮುಖ ಕಂಡ ಜಡ್ಜ್ ಒಬ್ಬರು, ಪಾಟೀ ಸವಾಲು ಮುಗಿಸಿದವರು ಇನ್ನೊಬ್ಬರು, ತೀರ್ಪು ಬರೆದವರು ಮೂರನೆಯವರು. ಮೂರನೆಯವರಿಗೆ ಆ ಹೆಣ್ಣಮಗಳು ಟೈಪ್ ಮಾಡಿದ ಹನ್ನೊಂದು ಹಾಳಿ ಅಷ್ಟ. ಆಕಿ ಯಾವ ಪ್ರಶ್ನಿಗೆ ತಡವರಿಸಿದಳು, ಯಾವ ಪ್ರಶ್ನಿಗೆ ಅತ್ತಳು, ಏನೂ ಇಲ್ಲ. ಮ್ಯಾಲ ಪ್ರಶ್ನಿ ಕನ್ನಡದಾಗ, ಉತ್ತರ ಕನ್ನಡದಾಗ, ಎಷ್ಟೋ ಕಡೆ ದಾಖಲಾಗೋದು ಇಂಗ್ಲಿಷಿನಾಗ.

ನಾನಾವತಿ ಪ್ರಕರಣಾನೂ ಹಿಂಗ ನೋಡ್ರಿ. ಮೇಮಿಯನ್ನ, ಸಿಲ್ವಿಯಾರನ್ನ, ನಾನಾವತಿಯನ್ನ ಕಟಕಟ್ಯಾಗ ಕಂಡವರು ಆ ಒಂಬತ್ತು ಮಂದಿ ಮತ್ತ ಮೆಹ್ತಾ ಸಾಹೇಬ್ರು. ಹೈಕೋರ್ಟಿನವರು, ಸುಪ್ರೀಂ ಕೋರ್ಟಿನವರು ಕಾಗದ ಓದಿದ್ರು. ಕಾಗದದ ಮ್ಯಾಲ ಟವೆಲ್ ಭಾಳ ದೊಡ್ಡದಾಗಿ ಕಾಣ್ತದ, ಬಿಳಿ ಸಮವಸ್ತ್ರ ಕಾಣೂದೇ ಇಲ್ಲ. ಅವರ ತೀರ್ಪು ಸರಿ ಅಂತೇ ನನ್ನ ಅಭಿಪ್ರಾಯ. ಆದ್ರ ಕಂಡವರು ಕಾರಣ ಬರೀಲಿಲ್ಲ, ಕಾರಣ ಬರೆದವರು ಕಾಣಲಿಲ್ಲ.

ಎಡಿಸನ್_ಅಕ್ಕ

ಮೂರು ಜಡ್ಜ್ ವಿಷಯ ಓದಿ ಗಾಬರಿ ಆಯ್ತು ಸರ್. ಆ ಹೆಣ್ಣುಮಗಳ ಪ್ರಕರಣ ಏನಾಯ್ತು?

ಧಾರವಾಡದ_ಕರಿಕೋಟು

ಸಂಶಯದ ಲಾಭ ಕೊಟ್ಟು ಬಿಟ್ರು. ನಾ ಆರೋಪಿ ಕಡೆ ವಕೀಲ ಇದ್ದೆ, ಗೆದ್ದೆ. ಸರ್ಕಾರ ಅಪೀಲು ಹಾಕ್ಯದ, ಇನ್ನೂ ನಡದದ. ಇದಕ್ಕಿಂತ ಹೆಚ್ಚು ಬರಿಯಾಕ ಆಗೂದಿಲ್ಲ.

ಶರಾವತಿ_ತೀರ

ಸಾಕ್ಷಿ ಹೇಗೆ ನಡೆದುಕೊಂಡ ಎಂದು ಜಡ್ಜ್ ದಾಖಲಿಸಬೇಕು ಎಂಬ ನಿಯಮವೇ ಇತ್ತಲ್ಲ, ಹಳೆಯ (1973ರ) ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಂ? @ಕೋರ್ಟ್‌ಹಾಲ್_ನಂ_3 ಸರ್, ನೀವು ಅಲ್ಲೇ ಕೂತಿದ್ದವರು. ಯಾರಾದರೂ ಬರೆಸುತ್ತಿದ್ದರಾ?

ಕೋರ್ಟ್‌ಹಾಲ್_ನಂ_3

ಅಪರೂಪಕ್ಕೆ. ದಿನಕ್ಕೆ ಅರವತ್ತು ಎಪ್ಪತ್ತು ಕೇಸು ಪಟ್ಟಿಯಲ್ಲಿದ್ದಾಗ ಸಾಕ್ಷಿ ಹೇಳಿದ್ದು ಬರೆಸೋದೇ ಸಾಹಸ, ಇನ್ನು ಮುಖಭಾವ ಎಲ್ಲಿ ಬರೆಸ್ತಾರೆ. ಬರೆಸಿದರೂ ‘ಸಾಕ್ಷಿ ಉತ್ತರಿಸಲು ತಡಮಾಡಿದರು’ ಅನ್ನೋ ಒಂದು ಸಾಲು.

ಒಬ್ಬರು ಸಾಹೇಬರು ಮಾತ್ರ ಬೇರೆ ಥರ ಇದ್ದರು. ಒಂದು ಕೊಲೆ ಕೇಸಲ್ಲಿ, ಸತ್ತವನ ಪಕ್ಕದ ಜಮೀನಿನವನು ಸಾಕ್ಷಿ. ಪ್ರತಿ ಪ್ರಶ್ನೆಗೂ ಉತ್ತರ ಕೊಡೋ ಮೊದಲು ಅವನ ಕಣ್ಣು ಕೋರ್ಟ್ ಹಾಲಿನ ಹಿಂದಿನ ಬೆಂಚಿಗೆ ಹೋಗೋದು. ಅಲ್ಲಿ ಬಿಳಿ ಶರ್ಟಿನವನೊಬ್ಬ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಸಾಹೇಬರು ನನಗೆ ಕೈ ಸನ್ನೆ ಮಾಡಿ ಟೈಪ್ ನಿಲ್ಲಿಸಿದರು, ಅವನನ್ನ ಎಬ್ಬಿಸಿ ಯಾರು ಅಂತ ಕೇಳಿದರು. ‘ಸುಮ್ನೆ ನೋಡೋಕೆ ಬಂದೆ ಸ್ವಾಮಿ’ ಅಂದ. ಹೊರಗೆ ಕಳಿಸಿ, ಹೆಸರು ಸಮೇತ ಅದನ್ನ ಹೇಳಿಕೆಯ ಮಧ್ಯದಲ್ಲೇ ದಾಖಲು ಮಾಡಿಸಿದರು. ಆಮೇಲೆ ಸಾಕ್ಷಿಗೆ ನೀರು ಕೊಡಿಸಿ, ಅದೇ ಪ್ರಶ್ನೆಗಳನ್ನ ಮೊದಲಿಂದ ಕೇಳಿ ಅಂತ ವಕೀಲರಿಗೆ ಹೇಳಿದರು. ಎರಡನೇ ಸಲ ಉತ್ತರಗಳು ಬೇರೆ ಬಂದವು. ಎರಡನ್ನೂ ಒಂದರ ಕೆಳಗೊಂದು ಟೈಪ್ ಮಾಡಿದವನು ನಾನೇ.